ಮೂರು ತಿಂಗಳ ಗುರಿ, ಗೋಡೆಯ ಮೇಲಿನ ಕಾಲು

ದೇಹೂ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಇಳಿದು ಹತ್ತು ನಿಮಿಷ ನಡೆದರೆ ನಮ್ಮ ಕಾರ್ಯಾಗಾರ. ಮಿಲಿಟರಿಯವರ ಉದ್ದನೆಯ ಕಾಂಪೌಂಡ್ ಗೋಡೆಯನ್ನು ಹಿಡಿದುಕೊಂಡೇ ದಾರಿ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಆ ಗೋಡೆ ಸ್ವಲ್ಪ ದೂರ ಹೋಗಿ ಮಂಜಿನಲ್ಲಿ ಕರಗಿಬಿಡುತ್ತಿತ್ತು. ಒಳಗೆ ಎಲ್ಲೋ ಕವಾಯತು ನಡೆಯುತ್ತಿರುತ್ತಿತ್ತು. ಬೂಟುಗಳ ಸದ್ದು ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ. ಚಿಂಚವಡದಲ್ಲಿ ರೈಲು ಹತ್ತಿದಾಗ ಶುರುವಾದ ತೂಕಡಿಕೆ ಇನ್ನೂ ಕಣ್ಣಲ್ಲೇ ಇರುತ್ತಿದ್ದುದರಿಂದ, ಆ ಹೆಜ್ಜೆಗಳ ಜೊತೆ ನನ್ನ ಹೆಜ್ಜೆಯೂ ತಾನಾಗಿ ಸೇರಿಕೊಳ್ಳುತ್ತಿತ್ತು.

ನಾವು ಕಾಲು ಮಾಡುತ್ತಿದ್ದೆವು. ಅಪಘಾತದಲ್ಲಿ, ಸಕ್ಕರೆ ಕಾಯಿಲೆಯಲ್ಲಿ, ಕಾರ್ಖಾನೆಯ ಯಂತ್ರದಲ್ಲಿ ಕಾಲು ಕಳೆದುಕೊಂಡವರಿಗೆ ಒಂದು ಟ್ರಸ್ಟ್ ನಡೆಸುತ್ತಿದ್ದ ಕಾರ್ಯಾಗಾರ ಅದು. ತಗಡಿನ ಮಾಡು, ಹಿಂದೆ ಎಂಟು ಮಂಚಗಳ ಒಂದು ಕೋಣೆ, ಅದರಾಚೆ ನಡೆದು ಅಭ್ಯಾಸ ಮಾಡುವ ಅಂಗಳ. ಬಂದವರ ಹೆಸರು ಬರೆದುಕೊಳ್ಳುವುದು, ಅವರಿಗೆ ಮಂಚ ಹೊಂದಿಸುವುದು, ದಾನಿಗಳಿಗೆ ವರದಿ ಕಳಿಸುವುದು ನನ್ನ ಕೆಲಸ. ನನ್ನ ತಂದೆ ಗದಗಿನ ಕಡೆಯಿಂದ ಗುಮಾಸ್ತರಾಗಿ ಪುಣೆಗೆ ಬಂದವರು. ನಾನು ಇಲ್ಲೇ ಹುಟ್ಟಿ, ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಮಾತಾಡುತ್ತ ಬೆಳೆದೆ. ಬರೆಯುವ ಕೆಲಸ ನಮ್ಮ ಮನೆತನಕ್ಕೇ ಅಂಟಿಕೊಂಡಿತ್ತು ಅಂತ ಕಾಣುತ್ತದೆ.

ಕಾರ್ಯಾಗಾರದ ಜೀವ ಮಾತ್ರ ನಮ್ಮ ಮೇಸ್ತ್ರಿ. ಅವರು ಯಾದಗಿರಿಯ ಕಡೆಯವರು. ಹುಡುಗಪ್ರಾಯದಲ್ಲಿ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು, ದೊಡ್ಡ ದೊಡ್ಡ ಫ್ಲ್ಯಾಟುಗಳ ಚಾವಣಿಗೆ ಪ್ಲಾಸ್ಟರಿನಲ್ಲಿ ಹೂಬಳ್ಳಿ ಮಾಡುವುದನ್ನು ಕಲಿತವರು. ಆ ಕೈಯ ಹದ ನೋಡಿ ಟ್ರಸ್ಟಿನ ಹಳೆಯ ಡಾಕ್ಟರು ಅವರನ್ನು ಇಲ್ಲಿಗೆ ಕರೆತಂದರಂತೆ. ಉಳಿದ ಮೊಂಡುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗಿದ ಮೇಲೆ ಬಿಚ್ಚಿ, ಅದರೊಳಗೆ ಮತ್ತೆ ಪ್ಲಾಸ್ಟರ್ ಹೊಯ್ದು ಅವರು ಅಚ್ಚು ತೆಗೆಯುತ್ತಿದ್ದರು. ಆ ಅಚ್ಚಿನ ಮೇಲೆ ಕಾಲು ಕೂರುವ ಪ್ಲಾಸ್ಟಿಕ್ ಬಟ್ಟಲು ತಯಾರಾಗುತ್ತಿತ್ತು. ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಇಳಿದಾಗ ಗಾಳಿಯ ತುಂಬ ಬಿಳಿ ಧೂಳು ತೇಲುತ್ತಿರುತ್ತಿತ್ತು. ಅದರ ನಡುವೆ ಬಿಳಿಯ ಹುಬ್ಬು, ಬಿಳಿಯ ಮೀಸೆಯ ಮೇಸ್ತ್ರಿ. ಅವರ ಹಿಂದೆ ಕಪಾಟಿನಲ್ಲಿ ಸಾಲಾಗಿ ನಿಂತ ಬಿಳಿಯ ಮೊಣಕಾಲುಗಳು. ಬಾಗಿಲಲ್ಲಿ ನಿಂತು ನೋಡಿದರೆ, ಇವೆಲ್ಲ ಎಲ್ಲಿಗೋ ಹೊರಟು ಯಾವುದೋ ಮಾತಿಗೆ ನಿಂತುಬಿಟ್ಟಿವೆ ಅನ್ನಿಸುತ್ತಿತ್ತು.

ಆ ವರ್ಷ ಹಳೆಯ ಡಾಕ್ಟರು ನಿವೃತ್ತರಾಗಿ ಹೊಸ ಮುಖ್ಯಸ್ಥೆ ಬಂದರು. ಬೆಂಗಳೂರಿನವರು, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ಯಾವುದೋ ದೊಡ್ಡ ಕಂಪನಿಯ ಕೆಲಸ ಬಿಟ್ಟು ಬಂದಿದ್ದರು. ಯಾಕೆ ಬಿಟ್ಟಿರಿ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಂದ ಎರಡನೇ ವಾರ ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಅಂಗಳದಲ್ಲಿ ಕೂರಿಸಿ, ಗೋಡೆಗೆ ಒಂದು ಬಿಳಿ ಬೋರ್ಡ್ ಒರಗಿಸಿ ಅದರ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದರು. ಓ, ಕೆ, ಆರ್.

ಮೇಸ್ತ್ರಿ ನನ್ನ ಕಡೆ ಬಾಗಿ, "ಅಕ್ಕಾರ, ಏನಂತ ಬರದಾರ್ರಿ?" ಅಂದರು. ನಾನು ಓದಿ ಹೇಳಿದೆ.

"ಓಕೆ ರೀ ಅಂತ ಹೌದಿಲ್ಲೋ? ಅದನ್ನ ದಿನಾ ನಾವ ಅಂತೀವಲ್ರಿ," ಅಂದರು. ಎಲ್ಲರೂ ನಕ್ಕರು. ಅರ್ಥವಾದ ಮೇಲೆ ಹೊಸ ಮೇಡಮ್ಮೂ ನಕ್ಕರು. ಅವರು ಸಿಟ್ಟಾಗದೆ ನಕ್ಕದ್ದು ನನಗೆ ಹಿಡಿಸಿತು.

"ತುಂಬಾ ಸಿಂಪಲ್," ಅಂತ ಅವರು ಶುರುಮಾಡಿದರು. "ಓ ಅಂದ್ರೆ ಆಬ್ಜೆಕ್ಟಿವ್, ಮೊದಲು ಒಂದು ಗುರಿ. ಕೇಳಿದ ತಕ್ಷಣ ಎದ್ದು ಕೆಲಸ ಮಾಡ್ಬೇಕು ಅನ್ನಿಸೋ ಥರ ಇರ್ಬೇಕು. ಅದರಲ್ಲಿ ನಂಬರ್ ಬೇಡ. ಕೆ ಆರ್ ಅಂದ್ರೆ ಕೀ ರಿಸಲ್ಟ್ಸ್, ಅದರ ಕೆಳಗೆ ಎರಡೋ ಮೂರೋ ಫಲಿತಾಂಶ. ಅಲ್ಲಿ ಮಾತ್ರ ನಂಬರ್ ಇರ್ಲೇಬೇಕು. ಗುರಿ ಕಡೆಗೆ ನಾವು ಹೋಗ್ತಾ ಇದೀವೋ ಇಲ್ವೋ ಅಂತ ಆ ನಂಬರ್ ಹೇಳುತ್ತೆ. ಮೂರು ತಿಂಗಳಿಗೊಂದು ಸಲ ಕೂತು ನೋಡ್ತೀವಿ. ಅಷ್ಟೇ. ಈಗ ಹೇಳಿ, ನಾವೆಲ್ಲ ಇಲ್ಲಿ ಏನು ಮಾಡ್ತೀವಿ?"

ಕಾಲು ಮಾಡುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಅಂದೆವು. ಅವರು ಬರೆಯಲಿಲ್ಲ. ಮೇಸ್ತ್ರಿಯನ್ನೇ ನೋಡುತ್ತ ನಿಂತರು. ಮೇಸ್ತ್ರಿ ಅಂಗೈಗೆ ಅಂಟಿದ ಪ್ಲಾಸ್ಟರ್ ಕೆರೆಯುತ್ತ, "ಬಂದ ಮಂದಿ ತಮ್ಮ ಮನೀಗೆ ತಾವ ನಡಕೋತ ಹೋಗ್ಬೇಕ್ರಿ," ಅಂದರು.

ಮೇಡಂ ಅದನ್ನು ಹಾಗೇ, ಅವರ ಮಾತಿನಲ್ಲೇ, ಕನ್ನಡ ಅಕ್ಷರದಲ್ಲಿ ಬೋರ್ಡಿನ ತಲೆಗೆ ಬರೆದರು. ಆ ಅಂಗಳದಲ್ಲಿ ಅದಕ್ಕೆ ಮೊದಲು ಕನ್ನಡವನ್ನು ಯಾರೂ ಬರೆದಿರಲಿಲ್ಲ.

ಕೆಳಗಿನ ಸಾಲುಗಳಿಗೆ ಚರ್ಚೆ ನಡೆಯಿತು. ಮೊದಲನೆಯದು ಸುಲಭ: ಮೂರು ತಿಂಗಳಲ್ಲಿ ತೊಂಬತ್ತು ಜನಕ್ಕೆ ಕಾಲು ಕೊಡುವುದು. ಮೂರನೆಯದು, ಹೋಗುವಾಗ ಪ್ರತಿಯೊಬ್ಬರೂ ಕಾಲು ಸರಿಯಾಗಿದೆ ಅಂತ ಒಂದು ಹಾಳೆಗೆ ಸಹಿ ಹಾಕುವುದು. ಎರಡನೆಯದನ್ನು ಹೇಳಿದವಳು ನಾನು. ಅಳತೆ ಕೊಟ್ಟ ದಿನದಿಂದ ಮನೆಗೆ ಹೋಗುವ ದಿನದವರೆಗೆ ಒಬ್ಬೊಬ್ಬರು ಐದು ದಿನ ನಮ್ಮಲ್ಲಿ ಉಳಿಯುತ್ತಿದ್ದರು. ಅದನ್ನು ಎರಡು ದಿನಕ್ಕೆ ಇಳಿಸೋಣ ಅಂದೆ. ನನ್ನ ಹತ್ತಿರ ಕಾರಣವೂ ಇತ್ತು. ಎಂಟೇ ಮಂಚ. ಕೂಲಿ ಬಿಟ್ಟು ಬಂದವರು ದಿನವೂ ನನ್ನ ಮೇಜಿನ ಮುಂದೆ ನಿಂತು ಯಾವಾಗ ಕಳಿಸುತ್ತೀರಿ ಅಂತ ಕೇಳುತ್ತಿದ್ದರು. ಮಂಚ ಸಿಗದವರು ಹೊರಗೆ ಬೇವಿನ ಮರದ ಕೆಳಗೆ ಮಲಗಿ ಕಾಯುತ್ತಿದ್ದರು.

"ಎರಡ ದಿನದಾಗ ಕಾಲು ಆಗ್ತದ್ರಿ ಅಕ್ಕಾರ," ಅಂದರು ಮೇಸ್ತ್ರಿ ಮೆಲ್ಲಗೆ. "ನಡಿಗಿ ಆಗ್ತದೋ ಇಲ್ಲೋ."

ಅದನ್ನು ನಾನು ಕೇಳಿಸಿಕೊಂಡೆ. ಆದರೆ ಅಷ್ಟರಲ್ಲಿ ಮೇಡಂ, "ಸೂಪರ್, ಅಕ್ಕ. ಇದೇ ನನಗೆ ಬೇಕಿದ್ದಿದ್ದು," ಅಂತ ನನ್ನ ಸಾಲನ್ನು ಬೋರ್ಡಿಗೆ ಏರಿಸಿದ್ದರು. ಇಷ್ಟು ವರ್ಷದಲ್ಲಿ ನನ್ನ ಮಾತು ಒಂದು ಬೋರ್ಡಿನ ಮೇಲೆ ಬಂದದ್ದು ಅದೇ ಮೊದಲು.

ಕೊನೆಗೆ ಅವರು ಅಂಕದ ವಿಷಯ ಹೇಳಿದರು. ಪೂರ್ತಿ ಒಂದಕ್ಕೆ ಒಂದು ಸಿಗಬೇಕಿಲ್ಲ, ಹತ್ತರಲ್ಲಿ ಏಳು ಭಾಗ ಸಾಧಿಸಿದರೂ ಒಳ್ಳೆಯದೇ, ಪೂರ್ತಿ ಸಿಕ್ಕಿತೆಂದರೆ ಗುರಿ ಸಣ್ಣದಿತ್ತು ಅಂತ ಅರ್ಥ ಅಂದರು. ಮೇಸ್ತ್ರಿಗೆ ಇದು ಏನು ಮಾಡಿದರೂ ಒಳಗಿಳಿಯಲಿಲ್ಲ.

"ಅಂದ್ರ ಹತ್ತಿರ ಹತ್ತಿರ ಮುಕ್ಕಾಲು ಆದ್ರ ಸಾಕು ಅಂತೀರಿ. ಮುಕ್ಕಾಲು ಕಾಲು ಹಾಕ್ಕೊಂಡು ಯಾರು ನಡೀತಾರ್ರಿ ಮೇಡಮ್ಮಾರ?"

ಆ ಮೂರು ತಿಂಗಳು ಹೇಗೆ ಕಳೆದವೋ ನನಗೆ ಸರಿಯಾಗಿ ನೆನಪಿಲ್ಲ. ನಿದ್ದೆಯಲ್ಲಿ ದೂರದ ಊರಿಗೆ ಪ್ರಯಾಣ ಮಾಡಿದಂತೆ ಕಳೆದವು. ಸೋಮವಾರ ಬೆಳಿಗ್ಗೆ ನಾನು ಅಂಕಿ ತುಂಬುತ್ತಿದ್ದೆ. ಸರಿಯಿದ್ದರೆ ಕಂಪ್ಯೂಟರಿನಲ್ಲಿ ಆ ಸಾಲಿನ ಮುಂದಿನ ಚೌಕ ಹಸಿರಾಗುತ್ತಿತ್ತು. ಹಿಂದುಳಿದರೆ ಹಳದಿ, ಇನ್ನೂ ಹಿಂದುಳಿದರೆ ಕೆಂಪು. ವಾರ ವಾರಕ್ಕೂ ಹಸಿರು ಹರಡುತ್ತ ಹೋಯಿತು. ಮಳೆ ಬಿದ್ದ ಮೇಲೆ ಬೆಟ್ಟದ ಬೋಳುತಲೆಗೆ ಹುಲ್ಲು ಬರುವುದನ್ನು ರೈಲಿನ ಕಿಟಕಿಯಿಂದ ನೋಡುತ್ತಿದ್ದೆ. ಕಚೇರಿಗೆ ಬಂದು ಕೂತರೆ ಇಲ್ಲೂ ಅದೇ ಹಸಿರು. ಯಾವುದು ಕಿಟಕಿಯದು, ಯಾವುದು ಕಂಪ್ಯೂಟರಿನದು ಅಂತ ತೂಕಡಿಕೆಯಲ್ಲಿ ಒಂದೊಂದು ಸಲ ಗೊತ್ತಾಗುತ್ತಿರಲಿಲ್ಲ. ಮಂಚಗಳು ಬೇಗ ಬೇಗ ಖಾಲಿಯಾಗುತ್ತಿದ್ದವು. ಬೇವಿನ ಮರದ ಕೆಳಗೆ ಈಗ ಯಾರೂ ಮಲಗುತ್ತಿರಲಿಲ್ಲ. ಅಂಗಳದಲ್ಲಿ ಕಬ್ಬಿಣದ ಕಂಬಿ ಹಿಡಿದು ನಡೆದು ಕಲಿಯುವವರೂ ಕಡಿಮೆಯಾಗಿದ್ದರು. ಆ ಖಾಲಿತನವನ್ನು ನಾನು ಅಚ್ಚುಕಟ್ಟುತನ ಅಂದುಕೊಂಡೆ.

ಮೂರು ತಿಂಗಳ ಕೊನೆಗೆ ನಮ್ಮದು ತೊಂಬತ್ತನ್ನೂ ದಾಟಿತು. ಮೇಡಂ ಎಲ್ಲರಿಗೂ ಮಸ್ತಾನಿ, ಅಂದರೆ ಮೇಲೆ ಐಸ್‌ಕ್ರೀಮ್ ಹಾಕಿದ ಪುಣೆಯ ಗಟ್ಟಿ ಹಾಲು, ತರಿಸಿದರು. ಮೇಸ್ತ್ರಿ ಐಸ್‌ಕ್ರೀಮ್ ಮೊದಲು ತಿಂದು, ಹಾಲನ್ನು ಹಾಗೇ ಬಿಟ್ಟು, ಕಪಾಟಿನ ಅಚ್ಚುಗಳ ಕಡೆ ಹೋದರು.

ಆ ವಾರವೇ ವರದಿಗೆ ಒಂದು ಫೋಟೋ ಬೇಕಾಯಿತು. ಯಾರಾದರೂ ತಮ್ಮ ಊರಲ್ಲಿ, ತಮ್ಮ ಕೆಲಸದ ಜಾಗದಲ್ಲಿ ನಡೆಯುತ್ತಿರುವ ಫೋಟೋ. ಬಾರಾಮತಿಯ ಹತ್ತಿರ ಕಬ್ಬಿನ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ ಮಾಡುವ ಒಬ್ಬಳು ನನಗೆ ನೆನಪಾದಳು. ವಿಜಯಪುರದ ಕಡೆಯ ಹೆಣ್ಣುಮಗಳು. ಮೂವತ್ತರ ಆಸುಪಾಸು. ಕಬ್ಬಿನ ಟ್ರಾಲಿ ಹರಿದು ಮೊಣಕಾಲಿನ ಕೆಳಗೆ ಬಲಗಾಲು ಹೋಗಿತ್ತು. ನಮ್ಮಲ್ಲಿದ್ದ ಎರಡು ದಿನವೂ ನಗುನಗುತ್ತ ಓಡಾಡಿದ್ದಳು, ಹೋಗುವಾಗ ಹಾಳೆಗೆ ಅಂದವಾಗಿ ಸಹಿ ಹಾಕಿದ್ದಳು. ನಾನು ಫೋನು ಮಾಡಿದೆ. ಎತ್ತಿದವರು ಅವಳ ಅತ್ತೆ.

"ಕೆಲಸಕ್ಕ ಹೋಗ್ಯಾಳ್ರಿ."

"ಕಾಲು ಹ್ಯಾಂಗದ್ರಿ ಅವ್ರದು?" ಅಂತ ಕೇಳಿದೆ.

"ಕಾಲು ಮನ್ಯಾಗ ಅದ ನೋಡ್ರಿ."

ನನಗೆ ಅರ್ಥವಾಗಲಿಲ್ಲ. "ಮನ್ಯಾಗ ಅಂದ್ರ?"

"ಗ್ವಾಡಿ ಮ್ಯಾಲ. ಮಳಿ ಹೊಡದೀತು ಅಂತ ಒಳಗ ತೂಗ ಹಾಕ್ಯಾಳ. ಭಾಳ ಜ್ವಾಕಿ ಮಾಡ್ತಾಳ್ರಿ ಅದನ್ನ."

ಫೋನು ಇಟ್ಟೆ. ಆಮೇಲೆ ಎದ್ದು ಒಳಗೆ ಹೋಗಿ ಮೇಸ್ತ್ರಿಗೆ ಹೇಳಿದೆ. ಅವರು ಕೈ ತೊಳೆದು, ಉಜ್ಜುವ ಒಂದು ಅರ, ಒಂದು ನೀಲಿ ಪೆನ್ಸಿಲ್, ನಾಲ್ಕು ಜೊತೆ ಹತ್ತಿಯ ಕಾಲುಚೀಲ ಕೈಚೀಲಕ್ಕೆ ಹಾಕಿಕೊಂಡು, "ನಾಳೆ ಮುಂಜಾನೆ ಎಷ್ಟಕ್ಕದ್ರಿ ಬಸ್ಸು?" ಅಂದರು. ಮೇಡಂಗೆ ಫೋಟೋ ತೆಗೆಯಲು ಹೋಗುತ್ತೇವೆ ಅಂತಷ್ಟೇ ಹೇಳಿದೆ. ಅದು ಸುಳ್ಳಲ್ಲ, ನಿಜವೂ ಅಲ್ಲ.

ಬಾರಾಮತಿಯ ಸುತ್ತ ಕಬ್ಬು ಆಳೆತ್ತರ ನಿಂತಿತ್ತು. ಬಸ್ಸಿನ ಎರಡೂ ಕಡೆ ಹಸಿರು ಗೋಡೆ, ಮೇಲೆ ಒಂದು ಪಟ್ಟಿ ಆಕಾಶ, ಯಾವುದೋ ಸಕ್ಕರೆ ಕಾರ್ಖಾನೆಯಿಂದ ಬರುವ ಕಾಕಂಬಿಯ ಹುಳಿಮಿಶ್ರಿತ ಸಿಹಿ ವಾಸನೆ. ಮೇಸ್ತ್ರಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡಿದ್ದೆ. "ಆಕಿ ಅಚ್ಚು ನೆನಪದ ನನಗ," ಅಂದರು ಕಣ್ಣು ತೆರೆಯದೆ. "ಮುಂದಿನ ಎಲುಬು ತುದೀಗೆ ಚೂಪ ಇತ್ತು. ಮೂರನೇ ದಿನಕ್ಕ ಗೊತ್ತಾಗ್ತಿತ್ತು ಅದು."

ಮೂರನೇ ದಿನ ಅವಳು ನಮ್ಮಲ್ಲಿ ಇರಲಿಲ್ಲ.

ನರ್ಸರಿ ಅಂದರೆ ಉದ್ದನೆಯ ಹಸಿರು ಬಲೆಯ ಚಪ್ಪರ. ಒಳಗೆ ಬೆಳಕೂ ಹಸಿರು, ಹನಿಯುವ ನೀರೂ ಹಸಿರು. ನೀರಿನೊಳಗೆ ಇಳಿದಂತೆ ಆಯಿತು ನನಗೆ. ಹೆಂಗಸರು ಸಾಲಾಗಿ ನೆಲಕ್ಕೆ ಕೂತು, ತಟ್ಟೆಗಳ ಕುಣಿಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಒಂದೊಂದರಲ್ಲೂ ಕಬ್ಬಿನ ಒಂದೊಂದು ಕಣ್ಣು ಊರುತ್ತಿದ್ದರು. ಅವಳು ನಮ್ಮನ್ನು ನೋಡಿದ್ದೇ ಒಂದು ಕೈಯಲ್ಲಿ ಊರುಗೋಲು ಹಿಡಿದು ಎದ್ದಳು. ಮುಖದಲ್ಲಿ ಸಂತೋಷವೂ ಸಂಕೋಚವೂ ಒಟ್ಟಿಗೇ ಬಂದವು. ಚಪ್ಪರದಿಂದ ಹತ್ತು ಹೆಜ್ಜೆಗೆ ಅವರ ಮನೆ. ಕಾಲು ಒಳಗೋಡೆಯಲ್ಲಿ, ದೇವರ ಫೋಟೋಗಳಿಗೆ ಸ್ವಲ್ಪ ಈಚೆ, ಒಂದು ಮೊಳೆಗೆ ತೂಗುತ್ತಿತ್ತು. ಅದರ ಹಿಮ್ಮಡಿಗೆ ಕುಂಕುಮ ಹಚ್ಚಿತ್ತು.

"ಪಂಚಮಿ ದಿನಾ ಪೂಜಿ ಮಾಡೀನ್ರಿ," ಅಂದಳು ತಲೆ ತಗ್ಗಿಸಿ. "ಇಷ್ಟ ಛಲೋ ಕೊಟ್ಟೀರಿ, ಹಾಳಾಗಬಾರ್ದು ಅಂತ ಮ್ಯಾಲ ಇಟ್ಟೀನಿ."

"ಯಾಕವ್ವಾ ಹಾಕ್ಕೊಳ್ಳಂಗಿಲ್ಲ?" ಮೇಸ್ತ್ರಿ ಕೇಳಿದರು.

"ಹಾಕ್ಕೋತೀನ್ರಿ. ಹಬ್ಬಕ್ಕ..."

"ನನ್ನ ಮುಂದ ಖರೇ ಹೇಳು. ನಾ ನಿಮ್ಮಪ್ಪ ಇದ್ದಂಗ."

ಅವಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಸೀರೆಯ ಅಂಚನ್ನು ಸ್ವಲ್ಪ ಸರಿಸಿದಳು. ಮೊಂಡುಗಾಲಿನ ಮುಂದೆ, ಎಲುಬಿನ ತುದಿಯಲ್ಲಿ, ಒಂದು ರೂಪಾಯಿಯಷ್ಟಗಲದ ಗಾಯ ಮಾಗಿ ಕಪ್ಪಾಗಿತ್ತು. "ನಾಕ ದಿನ ಹಾಕ್ಕೊಂಡ್ನಿರಿ. ರಕ್ತ ಬಂತು. ಕೆಳಗ ಕುಂಡ್ರಾಕೂ ಬರ್ಲಿಲ್ಲ. ನಮ್ದು ಕುಂತ ಮಾಡೂ ಕೆಲಸ ನೋಡ್ರಿ."

"ಹಂಗಿದ್ರ ಹಾಳಿ ಮ್ಯಾಲ ಸರಿ ಅದ ಅಂತ ಯಾಕ ಸಹಿ ಮಾಡಿದ್ರಿ?" ಅಂದೆ. ಪ್ರಶ್ನೆ ಬಾಯಿಂದ ಹೊರಟ ಮೇಲೆ ನನಗೇ ನಾಚಿಕೆಯಾಯಿತು.

"ನೀವು ಮಾಡ್ರಿ ಅಂದ್ರಲ್ರಿ, ಅಕ್ಕಾರ," ಅಂದಳು. ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ.

ಮೇಸ್ತ್ರಿ ಅಂಗಳದಲ್ಲಿ ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿ ತಾವು ನೆಲಕ್ಕೆ ಕೂತರು. ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ತುಂಬಾ ಹೊತ್ತು ತಡವಿದರು. ಚಾವಣಿಯ ಹೂಬಳ್ಳಿಯನ್ನೂ ಅವರು ಹೀಗೇ ತಡವಿರಬೇಕು. ಎಲುಬಿನ ತುದಿಗೆ ನೀಲಿ ಪೆನ್ಸಿಲಿನಿಂದ ಗುರುತು ಹಾಕಿ, ಬಟ್ಟಲನ್ನು ಒಮ್ಮೆ ಹಾಕಿ ತೆಗೆದರು. ಗುರುತು ಬಟ್ಟಲಿನ ಒಳಗೆ ಎಲ್ಲಿ ಮೂಡಿತೋ ಅಲ್ಲಿ ಅರದಿಂದ ಉಜ್ಜಲು ಶುರುಮಾಡಿದರು. ಬಿಳಿ ಪುಡಿ ಅವರ ಧೋತರದ ಮೇಲೆ ಉದುರುತ್ತಿತ್ತು. ಕೆಲಸ ಬಿಟ್ಟ ಹೆಂಗಸರು ಚಪ್ಪರದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಅರದ ಸದ್ದು, ನೀರು ಹನಿಯುವ ಸದ್ದು, ಕಬ್ಬಿನ ಗರಿಗಳ ಸದ್ದು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆಮೇಲೆ ಎರಡು ಕಾಲುಚೀಲ ಏರಿಸಿ ಕಾಲು ತೊಡಿಸಿದರು. ಅವಳು ಎದ್ದು ಬಾಗಿಲವರೆಗೆ ಹೋಗಿ ಬಂದಳು. ಮತ್ತೊಮ್ಮೆ ಹೋಗಿ ಬಂದಳು.

"ಚುಚ್ಚಂಗಿಲ್ಲ," ಅಂದಳು, ನಂಬಿಕೆಯಾಗದವಳಂತೆ.

"ಇದು ಇವತ್ತಿಂದು. ನಾಳಿಂದು ನಾಳಿಗೆ ತಿಳೀತದ," ಅಂದರು ಮೇಸ್ತ್ರಿ. "ಗಾಯ ಪೂರ್ತಿ ಆರ್ಲಿ. ಆಮ್ಯಾಲ ಒಂದು ವಾರ ನಮ್ಮಲ್ಲಿ ಬಂದಿರು. ಕೆಳಗ ಕುಂಡ್ರೂದು ಕಲಿಸ್ತೀನಿ. ಕಲಿಸದ ಕಳಿಸಿದ್ದು ನಮ್ದು ತಪ್ಪು."

ನಮ್ಮದು ಅಂದರು. ನನ್ನದು ಅಂತ ನನಗೆ ಗೊತ್ತಿತ್ತು. ಫೋಟೋ ನಾನು ತೆಗೆಯಲಿಲ್ಲ.

ಮರುದಿನ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಮರ್ಥನೆಗೆ ಒಂದೆರಡು ಮಾತು ರೈಲಿನಲ್ಲೇ ಹೊಂದಿಸಿಕೊಂಡಿದ್ದೆ, ಅವು ಬಾಯಿಗೆ ಬರಲಿಲ್ಲ. ಎರಡು ದಿನದ ಸಾಲು ನನ್ನದು, ಮೇಸ್ತ್ರಿ ಅಂದೇ ಎಚ್ಚರಿಸಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಸಹಿಯ ಹಾಳೆಯನ್ನು ಮುಂದೆ ಹಿಡಿದು ಇಲ್ಲಿ ಮಾಡಿ ಅಂತ ಬೆರಳು ತೋರಿಸಿದವಳೂ ನಾನೇ ಅಂದೆ. ಅವರು ಕಿಟಕಿಯಾಚೆ ನೋಡುತ್ತ ಕೇಳಿದರು. ಬೈಯುತ್ತಾರೆ ಅಂದುಕೊಂಡೆ.

"ಅಕ್ಕ, ನಾನು ಬಿಟ್ಟು ಬಂದ ಕಂಪನಿಯಲ್ಲೂ ಹೀಗೇ ಆಗ್ತಿತ್ತು," ಅಂದರು ಕೊನೆಗೆ. "ನಂಬರ್ ಚೆನ್ನಾಗಿರ್ತಿತ್ತು. ಅದರ ಹಿಂದೆ ಏನಿದೆ ಅಂತ ನೋಡೋಕೆ ನನಗೆ ಯಾವತ್ತೂ ಒಂದು ಮನೆಗೆ ಹೋಗೋ ಹಾಗಿರ್ಲಿಲ್ಲ. ನೀವು ಹೋಗಿ ಬಂದ್ರಿ." ನನ್ನ ಕಡೆ ತಿರುಗಿ, "ಇವಳೊಬ್ಬಳೇನಾ?" ಅಂತ ಕೇಳಿದರು.

ಅದು ನನಗೆ ಗೊತ್ತಿರಲಿಲ್ಲ. ಮುಂದಿನ ಎರಡು ವಾರ ಆ ಮೂರು ತಿಂಗಳಲ್ಲಿ ಕಾಲು ಪಡೆದವರಿಗೆಲ್ಲ ನಾವಿಬ್ಬರೂ ಫೋನು ಮಾಡಿದೆವು. ನಾನು ಮರಾಠಿಯಲ್ಲೂ ಕನ್ನಡದಲ್ಲೂ, ಅವರು ತಮ್ಮ ತಡವರಿಸುವ ಹಿಂದಿಯಲ್ಲಿ. ದಿನವೂ ಹಾಕಿಕೊಳ್ಳುತ್ತಿದ್ದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಉಳಿದವರ ಕಾಲುಗಳು ಮಂಚದ ಕೆಳಗಿದ್ದವು, ಅಟ್ಟದ ಮೇಲಿದ್ದವು, ಒಬ್ಬರದು ಬೀರುವಿನಲ್ಲಿ ಮದುವೆಯ ಸೀರೆಗಳ ಜೊತೆಗಿತ್ತು. ಯಾರೂ ನಮ್ಮನ್ನು ಬೈಯಲಿಲ್ಲ. ಎಲ್ಲರೂ ಕಾಲು ಬಹಳ ಚೆನ್ನಾಗಿದೆ ಅಂತಲೇ ಮಾತು ಶುರುಮಾಡುತ್ತಿದ್ದರು. ಆ ಮಧ್ಯಾಹ್ನಗಳಲ್ಲಿ ಫೋನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರೆ, ನಾನು ಕಾಣದ ಎಷ್ಟೋ ಮನೆಗಳ ಒಳಗೆ, ನೆರಳಿನಲ್ಲಿ, ಒಂದೊಂದು ಕಾಲು ಒಂಟಿಯಾಗಿ ನಿಂತದ್ದು ಕಾಣುತ್ತಿತ್ತು.

ಮೇಡಂ ಬೋರ್ಡನ್ನು ಮತ್ತೆ ಅಂಗಳಕ್ಕೆ ತಂದರು. ಮೇಲಿನ ಗುರಿಯನ್ನು ಹಾಗೇ ಬಿಟ್ಟು ಕೆಳಗಿನ ಮೂರು ಸಾಲನ್ನೂ ಒರೆಸಿದರು. "ಗುರಿ ಸರಿಯಾಗಿತ್ತು," ಅಂದರು. "ನಾವು ಬೇರೆ ಏನನ್ನೋ ಎಣಿಸಿದ್ವಿ. ಈಗ ಹೇಳಿ, ಮನೆಗೆ ನಡ್ಕೊಂಡು ಹೋದ್ರು ಅಂತ ನಮಗೆ ಹೇಗೆ ಗೊತ್ತಾಗುತ್ತೆ?"

"ಮನೀಗೆ ಮುಟ್ಟಿ ಒಂದೂವರಿ ತಿಂಗಳಾದ ಮ್ಯಾಲ ಕೇಳ್ರಿ," ಅಂದರು ಮೇಸ್ತ್ರಿ. "ಅಷ್ಟೊತ್ತಿಗೆ ಬಾವು ಇಳೀತದ, ಮೊಂಡು ಸಣ್ಣ ಆಗ್ತದ. ಆಗೂ ಹಾಕ್ಕೊಂಡಿದ್ರ ಹಾಕ್ಕೊಂಡಂಗ."

ಅದೇ ಹೊಸ ಸಾಲಾಯಿತು. ಆರು ವಾರದ ಮೇಲೂ ದಿನವೂ ಕಾಲು ಹಾಕುವವರು ಹತ್ತರಲ್ಲಿ ಒಂಬತ್ತು ಜನವಿರಬೇಕು. ಎಷ್ಟು ದಿನ ಇಲ್ಲಿ ಉಳಿಯಬೇಕೆಂಬುದನ್ನು ಮೇಸ್ತ್ರಿ ನಿರ್ಧರಿಸುವುದು. ಸಹಿಯ ಹಾಳೆ ಹೋಯಿತು.

ಟ್ರಸ್ಟಿನ ಅಧ್ಯಕ್ಷರನ್ನು ಒಪ್ಪಿಸುವುದು ಬಾಕಿ ಇತ್ತು. ಪುಣೆ ಕ್ಯಾಂಪಿನ ಹಳೆಯ ಮಾರುಕಟ್ಟೆಯ ಹಿಂದೆ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಕೆಳಗಿನ ಬೇಕರಿಯಿಂದ ಬಿಸ್ಕತ್ತಿನ ವಾಸನೆ ಮೆಟ್ಟಿಲ ತುಂಬ ಏರಿ ಬರುತ್ತಿತ್ತು. ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಅಧ್ಯಕ್ಷರು ವಯಸ್ಸಾದ ವ್ಯಾಪಾರಿ, ಹುಬ್ಬಳ್ಳಿ ಕಡೆಯಿಂದ ಮೂರು ತಲೆಮಾರಿನ ಹಿಂದೆ ಬಂದ ಮನೆತನ. ವರದಿಯ ಹಾಳೆಯನ್ನು ಎರಡು ಸಲ ತಿರುವಿದರು.

"ಹೋದ ಸಲ ತೊಂಬತ್ತರ ಮ್ಯಾಲ ಇತ್ತು. ಈ ಸಲ ಐವತ್ತೂ ಆಗೂದಿಲ್ಲ ಅಂತೀರಿ. ದಾನ ಕೊಟ್ಟವರಿಗೆ ನಾ ಏನಂತ ಹೇಳ್ಲಿ?"

ಮೇಡಂ ಬಾಯಿ ತೆರೆಯುವ ಮೊದಲು ನಾನು ಮಾತಾಡಿಬಿಟ್ಟೆ. "ಆ ತೊಂಬತ್ತರಾಗ ಭಾಳ ಕಾಲು ಗ್ವಾಡಿ ಮ್ಯಾಲ ಅದಾವ್ರಿ. ಅವನ್ನ ಗ್ವಾಡಿಗೆ ಕಳಿಸಿದಾಕಿ ನಾನ." ಬಾರಾಮತಿಯ ಕುಂಕುಮದಿಂದ ಹಿಡಿದು ಬೀರುವಿನ ಸೀರೆಗಳವರೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇದನ್ನೂ ವರದಿಯೊಳಗ ಬರೀತೀರೇನು?"

"ಬರೀತೀವಿ ಸರ್," ಅಂದರು ಮೇಡಂ. "ಮೊದಲನೇ ಪುಟದಲ್ಲೇ."

"ಮೂರು ತಿಂಗಳ ಕೊಡ್ತೀನಿ," ಅಂದರು ಅವರು. ಖುಷಿಯಿಂದ ಹೇಳಲಿಲ್ಲ. ಇಬ್ಬರು ದಾನಿಗಳು ಆ ವರ್ಷ ಕೈಬಿಟ್ಟರು. ಒಬ್ಬರು ನಮ್ಮ ಮೊದಲ ಪುಟ ಓದಿ ತಾವೇ ಅಂಗಳಕ್ಕೆ ಬಂದು, ಎರಡು ತಾಸು ಕೂತು ಹೋದರು.

ಮೂರು ತಿಂಗಳಿಗೆ ನಾವು ಹತ್ತರಲ್ಲಿ ಒಂಬತ್ತನ್ನು ಮುಟ್ಟಲಿಲ್ಲ, ಏಳರ ಹತ್ತಿರ ಬಂದೆವು. ಚೌಕ ಹಳದಿಯಾಗಿ ನಿಂತಿತು. ಬಾರಾಮತಿಯವಳು ಬಂದು ಎಂಟು ದಿನ ಇದ್ದು, ನೆಲಕ್ಕೆ ಕೂತು ಏಳುವುದನ್ನು ಕಲಿತು ಹೋದಳು. ಆರು ವಾರದ ಮೇಲೆ ಕೇಳಿದಾಗ, ಬೆಳಿಗ್ಗೆ ಹಾಕಿಕೊಂಡು ಅಡಿಗೆ, ನೀರು, ಬಾಜಾರು ಎಲ್ಲ ಮುಗಿಸುತ್ತೇನೆ, ನರ್ಸರಿಯ ಕೆಸರಿಗೆ ಹೋಗುವಾಗ ಬಿಚ್ಚಿಡುತ್ತೇನೆ ಅಂದಳು. ಅರ್ಧ ದಿನ ಹಾಕುವುದನ್ನು ಹಾಕಿದಂತೆ ಬರೆಯುವುದೋ ಇಲ್ಲವೋ ಅಂತ ನಾನೂ ಮೇಡಮ್ಮೂ ಒಂದು ಇಡೀ ಬೆಳಿಗ್ಗೆ ವಾದ ಮಾಡಿದೆವು. ಕೊನೆಗೆ ಮೇಡಂ, "ಅವರನ್ನೇ ಕೇಳಿ. ಅವರಿಗೆ ಸಾಕು ಅನ್ನಿಸಿದ್ರೆ ಹೌದು ಅಂತ ಬರೀರಿ," ಅಂದರು. ಕೇಳಿದೆ. "ಸಾಕ್ರಿ ಅಕ್ಕಾರ, ಕೆಸರಾಗ ನಿಮ್ಮ ಕಾಲಷ್ಟ ಅಲ್ಲ, ನನ್ನ ಕಾಲೂ ಜಾರ್ತದ," ಅಂದಳು. ಹೌದು ಅಂತ ಬರೆದೆ.

ಈ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದಳು. ತವರಿಗೆ ಹೋಗಿದ್ದಳಂತೆ. ಹಿಂದೆ ಗದ್ದಲ, ಟಾಂಗಾ ಗಂಟೆ.

"ಅಕ್ಕಾರ, ಗೋಳಗುಮ್ಮಟದ ಮುಂದ ನಿಂತೀನ್ರಿ. ಇಲ್ಲೇ ಹುಟ್ಟಿ ಬೆಳದ್ರೂ ಒಮ್ಮೆನೂ ಮ್ಯಾಲ ಹತ್ತಿಲ್ಲ. ಈ ಕಾಲ ಹಾಕ್ಕೊಂಡು ಹತ್ತಬಹುದೇನು, ಕಾಕಾಗ ಕೇಳಿ ಹೇಳ್ರಿ."

ನಾನು ಫೋನು ಹಿಡಿದುಕೊಂಡೇ ಒಳಗೆ ಹೋದೆ. ಮೇಸ್ತ್ರಿಯ ಎರಡೂ ಕೈ ಒದ್ದೆ ಪ್ಲಾಸ್ಟರಿನಲ್ಲಿದ್ದವು. ನಾನೇ ಅವರ ಕಿವಿಗೆ ಫೋನು ಹಿಡಿದೆ.

"ಹತ್ತು," ಅಂದರು. "ಏರೂವಾಗ ನಿನ್ನ ಕಾಲು ಮೊದಲ ಇಡು. ಇಳಿಯೂವಾಗ ನಾ ಕೊಟ್ಟ ಕಾಲು ಮೊದಲ. ಗ್ವಾಡಿ ಬಿಡಬ್ಯಾಡ. ಗಡಬಡಿ ಮಾಡಬ್ಯಾಡ. ಹಿಂದ ಮಂದಿ ನಿಂತ್ರ ನಿಲ್ಲಲಿ."

ಆ ಮಧ್ಯಾಹ್ನ ಕೆಲಸದಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಕಿರಿದಾದ ಕತ್ತಲೆಯ ಮೆಟ್ಟಿಲು, ಒಂದು ಕೈ ತಣ್ಣನೆಯ ಕಲ್ಲಿನ ಮೇಲೆ, ಒಂದು ಹೆಜ್ಜೆ, ಇನ್ನೊಂದು. ಅಂತಸ್ತಿಗೊಂದು ಕಿಂಡಿಯಿಂದ ಬೆಳಕು. ನಾನೂ ಅವಳ ಹಿಂದೆ ಹತ್ತುತ್ತಿದ್ದೆ. ಸಂಜೆ ರೈಲಿಗೆ ಹೊರಡುವಾಗ ಫೋನು ಬಂತು. ಉಸಿರು ಇನ್ನೂ ಏರುಪೇರಾಗಿತ್ತು.

"ಹತ್ತಿದ್ನಿರಿ. ಮ್ಯಾಲ ಒಳಗ ಹೋಗಿ ನನ್ನ ಹೆಸರು ನಾನ ಕೂಗಿದ್ನಿ. ಏಳು ಸಲ ಹೊಳ್ಳಿ ಬಂತು ನೋಡ್ರಿ! ಎಲ್ಲಾ ಕಡಿಂದ ಯಾರೋ ನನ್ನ ಕರದಂಗ ಆತು."

ಮೊಂಡು ನೋಯುತ್ತಿದೆಯಾ ಅಂತ ಕೇಳಿದೆ. ಸ್ವಲ್ಪ ಕೆಂಪಾಗಿದೆ ಅಂದಳು. ಮನೆಗೆ ಹೋದ ತಕ್ಷಣ ಕಾಲು ಬಿಚ್ಚಿ ಗಾಳಿಗೆ ಬಿಡು, ನಾಳೆ ಬಾವು ಬಂದು ಬಿಗಿಯಾದರೆ ಎರಡರ ಬದಲು ಒಂದೇ ಕಾಲುಚೀಲ ಹಾಕಿ ನೋಡು ಅಂದೆ. "ಆತ್ರಿ," ಅಂದಳು. ಅಷ್ಟರಲ್ಲಿ ಯಾರೋ ಅವಳನ್ನು ಬಸ್ಸಿಗೆ ಕರೆದರು.